ಮೂರು ಪದ್ಧತಿ, ಒಂದು ಮೊಣಕಾಲು

ನಿವೃತ್ತಿಯಾಗಬೇಕಾದರೆ ತಲೆಗೂದಲು ಬೆಳ್ಳಗಾಗಿರಲೇಬೇಕು ಎಂದು ಎಲ್ಲಿಯೂ ಬರೆದಿಲ್ಲ. ಮಾಡುತ್ತಿದ್ದ ಕೆಲಸದಿಂದ ಹಿಂದೆ ಸರಿದರೆ ಅದು ನಿವೃತ್ತಿ. ವಯಸ್ಸು ಅದರ ಲಕ್ಷಣವಲ್ಲ, ಹೆಚ್ಚೆಂದರೆ ರೂಢಿ. ಈ ವಾದವನ್ನು ನಾನು ಮುಂದಿಟ್ಟಾಗ ನಮ್ಮ ಯೋಗಧಾಮದ ಯಜಮಾನರಾದ ಸಾವ್ಕಾರರು, "ಏ ತಂಗಿ, ನಿನಗಿನ್ನೂ ಮೂವತ್ತು ತುಂಬಿಲ್ಲ. ರಾಜೀನಾಮಿ ಅನ್ನು" ಎಂದರು. ಹಾಗೆಂದವರೇ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸಿದರು. ಶಾಲು, ಹಾರ, ಬುಟ್ಟಿ ಮೂರೂ ಬಂದ ಮೇಲೆ ಅದು ನಿವೃತ್ತಿಯೇ. ವಾದ ನನ್ನ ಕಡೆಗಾಯಿತು.

ಈಗ ನಾನು ಬಾಗಲಕೋಟೆಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಇದ್ದೇನೆ. ಯೋಗಧಾಮದಲ್ಲಿ ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಮೊನ್ನೆ ಅವರು ಕಚೇರಿಗೇ ಬಂದು ಕೇಳಿದರು: "ಅಕ್ಕಾ, ಅಲ್ಲಿ ಖರೇ ಅಂದ್ರ ಏನ ಕೆಲಸ ಇರ್ತೈತಿ? ಸಾವ್ಕಾರ್ರನ್ನ ಕೇಳಿದ್ರ 'ಎಲ್ಲಾ ಒಂದುಗೂಡ್ಸೂದು' ಅಂತಾರ. ಏನನ್ನ ಒಂದುಗೂಡ್ಸೂದು, ಹೆಂಗ ಒಂದುಗೂಡ್ಸೂದು, ಹೇಳವಲ್ಲರು."

ಸಾವ್ಕಾರರು ಹೇಳಿದ್ದು ಸರಿಯೇ ಇದೆ, ಆದರೆ ಅರ್ಧ ಹೇಳಿದ್ದಾರೆ. ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಆ ಕೆಲಸಕ್ಕೆ ಸೇರಿದ್ದೇ ಯೋಗವನ್ನು ಬೈದು. ಕಾನೂನು ಓದುತ್ತಿದ್ದಾಗ ಬಾಗಲಕೋಟೆಯಲ್ಲೊಂದು ಚರ್ಚಾಸ್ಪರ್ಧೆ ನಡೆಯಿತು. ವಿಷಯ, ಯೋಗದಿಂದ ಸಕಲ ರೋಗ ನಿವಾರಣೆ ಸಾಧ್ಯ. ನಾನು ವಿರೋಧವಾಗಿ ಮಾತಾಡಿದೆ. 'ಸಕಲ' ಎಂಬ ಒಂದೇ ಪದವನ್ನು ಹಿಡಿದು ಎದುರಾಳಿಗಳನ್ನು ಅಂಗಣದ ತುಂಬ ಅಟ್ಟಾಡಿಸಿದೆ ಎನ್ನಬೇಕು. ಹಲ್ಲುನೋವಿಗೆ ಯಾವ ಆಸನ, ಚೇಳು ಕಡಿದರೆ ಯಾವ ಪ್ರಾಣಾಯಾಮ ಎಂದು ಕೇಳಿದೆ. ಮುಖ್ಯ ಅತಿಥಿಯಾಗಿ ಕುಳಿತಿದ್ದವರು ಇಳಕಲ್ಲಿನ ಕೆಂಪು ಕಲ್ಲಿನ ವ್ಯಾಪಾರಿ ಮಹಾಂತಪ್ಪ ಸಾವ್ಕಾರರು. ಎದೆನೋವು ಬಂದು ಆಪರೇಷನ್ ಆದ ಮೇಲೆ ವ್ಯಾಪಾರವನ್ನು ತಮ್ಮನಿಗೆ ಬಿಟ್ಟು, ಬಾದಾಮಿಯ ಬಂಡೆಗಳ ಬುಡದಲ್ಲಿದ್ದ ತಮ್ಮ ದಾಳಿಂಬೆ ತೋಟದಲ್ಲಿ ಯೋಗಧಾಮ ಕಟ್ಟಿಸುತ್ತಿದ್ದರು. ಬಹುಮಾನ ಕೊಡುತ್ತ ಮೆಲ್ಲಗೆ ಹೇಳಿದರು: "ಭಾಳ ಚೊಲೊ ಬೈದಿ ತಂಗಿ. ಓದು ಮುಗದ ಮ್ಯಾಲ ನಮ್ಮಲ್ಲಿ ಕೆಲಸಕ್ಕ ಬಾ. ಹೊಗಳೋರು ನನ್ನ ಹಂತೇಕ ರಗಡ ಮಂದಿ ಅದಾರ."

ಓದು ಮುಗಿಯಿತು. ಹುನಗುಂದದ ನಮ್ಮ ಮನೆಯಲ್ಲಿ ಕುಳಿತು, ಸಂಬಳ ಕೊಡುವ ವಕೀಲರು ಜಗತ್ತಿನಲ್ಲಿ ಇದ್ದಾರೆಯೇ ಎಂದು ಯೋಚಿಸಿದೆ. ಸಿಗಲಿಲ್ಲ. ತರಗತಿಗಳ ವೇಳಾಪಟ್ಟಿ, ಬಂದು ಉಳಿಯುವವರ ಅನುಕೂಲ ನೋಡಿಕೊಳ್ಳುವ ಕೆಲಸಕ್ಕೆ ಬಾದಾಮಿಗೆ ಹೋದೆ.

ಅಲ್ಲಿ ಮೂವರು ಗುರುಗಳಿದ್ದರು. ಮೂವರದೂ ಯೋಗವೇ. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯೋಗ ಎಂದು ಒಪ್ಪುತ್ತಿರಲಿಲ್ಲ.

ಹಿರಿಯರು ಬೀರಪ್ಪ ಮಾಸ್ತರರು. ಶಿರೂರಿನವರು, ಕುರಿ ಸಾಕುವ ಮನೆತನ, ಹುಡುಗರಿದ್ದಾಗ ಗರಡಿ, ಆಮೇಲೆ ಸಾಲಿಯಲ್ಲಿ ದೈಹಿಕ ಶಿಕ್ಷಕರು, ಆಮೇಲೆ ಯೋಗ. ಅವರದು ಒಂದು ಆಸನವನ್ನು ಹಿಡಿದರೆ ಬಿಡದ ಪದ್ಧತಿ. ಕಾಲು ನಡುಗುತ್ತಿದೆ ಸರ್ ಎಂದರೆ, "ನಡಗ್ಲಿ ಬಿಡ್ರಿ, ನಿಮ್ಮ ಕಾಲ ಅದು, ಎಲ್ಲಿ ಓಡಿ ಹೊಕ್ಕೈತಿ?" ಎನ್ನುವರು.

ಎರಡನೆಯವರು ವಿದ್ಯಾ ಮೇಡಂ. ಬಾಗಲಕೋಟೆಯವರೇ, ಕಲಿತದ್ದು ಪುಣೆಯಲ್ಲಿ. ಅವರ ಕೋಣೆಯಲ್ಲಿ ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಮಡಚಿದ ಕಂಬಳಿಗಳ ರಾಶಿ. ಮೈ ನೆಟ್ಟಗೆ ನಿಲ್ಲದಿದ್ದರೆ ಅದರ ಕೆಳಗೆ ಏನಾದರೂ ಇಟ್ಟು ನಿಲ್ಲಿಸುವ ಪದ್ಧತಿ. ಇಡೀ ತರಗತಿಯನ್ನು ನಿಲ್ಲಿಸಿ ಒಬ್ಬರ ಪಾದದ ಹತ್ತಿರ ಕುಕ್ಕರಿಸಿ, "ಈ ಸಣ್ಣ ಬೆರಳು ನೋಡ್ರಿ, ಯಾಕ ಹಿಂಗ ಸಿಟ್ಟಿಗೆದ್ದು ಆ ಕಡೆ ಮುಖಾ ಮಾಡೇತಿ?" ಎಂದು ವಿಚಾರಿಸುವರು.

ಮೂರನೆಯವನು ಚೇತನ್. ಮೈಸೂರು ಕಡೆಯ ಹುಡುಗ. ಉಸಿರಿನ ತಾಳಕ್ಕೆ ಒಂದು ಆಸನದಿಂದ ಇನ್ನೊಂದಕ್ಕೆ ಹರಿದು ಹೋಗುವ ಪದ್ಧತಿ ಅವನದು. "ಉಸಿರು ತಗೊಳ್ತಾ ಕೈ ಮೇಲಕ್ಕೆತ್ತಿ, ಉಸಿರು ಬಿಡ್ತಾ ಮುಂದಕ್ಕೆ ಬನ್ನಿ" ಎಂದು ಅವನು ಮೆತ್ತಗೆ ಹೇಳುತ್ತಿದ್ದರೆ ನಮ್ಮ ಕಡೆಯ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು: "ಏನ ಚಂದ ಮಾತಾಡ್ತೈತಿ ಹುಡುಗ, ಲಗ್ನಪತ್ರಿಕಿ ಓದಿದಂಗ!"

ಮೂವರ ನಡುವಿನ ಮಾತು ಹೀಗಿರುತ್ತಿತ್ತು.

"ವಿದ್ಯಾ ಅವರ, ಇದು ಯೋಗದ ಸಾಲಿಯೋ, ಬಡಿಗ್ಯಾನ ಅಂಗಡಿಯೋ?"

"ನಿಮ್ಮ ಕೈಯಾಗ ಮೊಣಕಾಲು ಮುರಕೊಂಡೋರು ಕಡೀಕ ನನ್ನ ಅಂಗಡಿಗೇ ಬರ್ತಾರಲ್ರಿ ಮಾಸ್ತರ."

"ಸರ್, ಒಂದೇ ಕಡೆ ನಿಂತ್ರೆ ನೀರೂ ಕೆಟ್ಟುಹೋಗುತ್ತೆ."

"ಒಮ್ಮೆಲೆ ಹರದ್ರ ಹೊಲ ಕೊಚ್ಚಿಕೊಂಡು ಹೊಕ್ಕೈತಿ ತಮ್ಮಾ."

ಚರ್ಚಾಸ್ಪರ್ಧೆಯಲ್ಲಿ ಪಳಗಿದ ನನಗೆ ಇದಕ್ಕಿಂತ ಸುಖದ ನೌಕರಿ ಇನ್ನೆಲ್ಲಿ ಸಿಕ್ಕೀತು? ತೊಂದರೆ ಏನೆಂದರೆ, ಮೂವರನ್ನೂ ಒಂದೇ ತರಗತಿಯಲ್ಲಿ ಸೇರಿಸಬೇಕು ಎಂಬುದು ಸಾವ್ಕಾರರ ಆಸೆ. "ಮೂರು ಬಣ್ಣದ ಕಲ್ಲು ಸಮ ಕತ್ತರಿಸಿ ಜೋಡಿಸಿದ್ರ ಮನಿ ನೆಲಕ್ಕ ಚೊಲೊ ಫರಸಿ ಆಗ್ತೈತಿ. ಯೋಗಾ ಯಾಕ ಆಗಂಗಿಲ್ಲ?" ಎಂದರು. ನಾನು ಒಂದು ತಾಸನ್ನು ಮೂರು ಸಮಪಾಲು ಮಾಡಿದೆ. ಪಾಲು ಮುಗಿದದ್ದು ಗೊತ್ತಾಗಲೆಂದು ಚರ್ಚಾಸ್ಪರ್ಧೆಯಲ್ಲಿ ಹೊಡೆಯುವಂಥ ಗಂಟೆಯನ್ನೂ ತಂದಿಟ್ಟೆ. ಎಚ್ಚರಿಕೆಗೊಂದು, ಮುಗಿಸಲಿಕ್ಕೊಂದು.

ಮೊದಲ ಗಂಟೆಗೆ ಮಾಸ್ತರರು ಕಣ್ಣು ತೆರೆಯಲಿಲ್ಲ. ಎರಡನೆಯದಕ್ಕೂ ತೆರೆಯಲಿಲ್ಲ. ಅರ್ಧ ಮಂದಿ ಅವರ ಮಾತು ಕೇಳಿ ಒಂದೇ ಕಾಲಮೇಲೆ ನಿಂತೇ ಇದ್ದರು, ಇನ್ನರ್ಧ ಮಂದಿ ಗಂಟೆಯ ಮಾತು ಕೇಳಿ ಚೇತನನ ಜೊತೆ ನೆಲಕ್ಕೆ ಬಾಗಿದರು. ಅಷ್ಟರಲ್ಲಿ ವಿದ್ಯಾ ಮೇಡಂ ಬಂದು ಮುಂದಿನ ಸಾಲಿನವರ ಕಾಲಿಗೆ ಪಟ್ಟಿ ಕಟ್ಟತೊಡಗಿದರು. ಬ್ಯಾಂಕ್ ಮ್ಯಾನೇಜರರೊಬ್ಬರು ಕಟ್ಟಿದ ಪಟ್ಟಿಯ ಸಮೇತ ಚೇತನನ ಜೊತೆ ಹಿಂದಕ್ಕೆ ಜಿಗಿಯಲು ಹೋದರು. ಅವರನ್ನು ಎತ್ತುವ ಗದ್ದಲದಲ್ಲಿ ಬಂಡೆಯ ಕಡೆಯಿಂದ ಇಳಿದು ಬಂದ ಮಂಗವೊಂದು ಮರದ ಇಟ್ಟಿಗೆ ಎತ್ತಿಕೊಂಡು ಬೇವಿನ ಮರ ಹತ್ತಿ, ಟೊಂಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿತು. ಬೀರಪ್ಪ ಮಾಸ್ತರರು ಆಗ ಕಣ್ಣು ತೆರೆದರು. "ಅದೊಂದ ನೋಡ್ರಿ ಇವತ್ತ ಸರಿಯಾಗಿ ಕುಂತದ್ದು" ಎಂದರು.

ಕತ್ತರಿಸಿ ಜೋಡಿಸುವುದು ಕಲ್ಲಿಗೆ ಸರಿ, ಮನುಷ್ಯರಿಗಲ್ಲ ಎಂದು ಅಂದೇ ಗೊತ್ತಾಯಿತು. ಆದರೆ ಹಾಗಿದ್ದರೆ ಹೇಗೆ ಜೋಡಿಸಬೇಕು ಎನ್ನುವುದು ಗೊತ್ತಾಗಲಿಲ್ಲ. ಗಂಟೆಯನ್ನು ಅಡುಗೆಮನೆಗೆ ಕೊಟ್ಟೆ, ಮೂವರಿಗೂ ಬೇರೆಬೇರೆ ತರಗತಿ ಮಾಡಿ ಕೈತೊಳೆದುಕೊಂಡೆ.

ಸಾವ್ಕಾರರ ವಿಷಯವಾಗಿ ಒಂದು ಮಾತು. ಮೇಲಿನವರೊಡನೆ ವಾದ ಮಾಡಬಾರದು ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ, ಇವರೊಡನೆ ಮಾಡಿ. ಅವರ ಮೊದಲ ಕರಪತ್ರದಲ್ಲಿ 'ದೇಹದ ಸಕಲ ವಿಷ ಹೊರಹಾಕುತ್ತೇವೆ' ಎಂದಿತ್ತು. ಮತ್ತೆ ಅದೇ 'ಸಕಲ'! ಕೇಳಿದೆ: "ಯಾವ ವಿಷರೀ, ಒಂದರ ಹೆಸರು ಹೇಳ್ರಿ." ಅವರು ತುಸು ಯೋಚಿಸಿ, "ಹೊಟ್ಟ್ಯಾಗಿಂದು" ಎಂದರು. "ಅದಕ್ಕ ಹೆಸರೇನು?" "ನೀ ವಕೀಲ್ಕಿ ಮಾಡಬೇಡ, ಏನ ಬರೀಬೇಕು ಹೇಳು." 'ಮನಸ್ಸು ಹಗುರಾಗುತ್ತದೆ' ಎಂದು ಬರೆಸಿದೆ. "ಇದಕ್ಕ ಸಾಕ್ಷಿ ಬ್ಯಾಡೇನು?" ಎಂದು ಅವರು ಕಣ್ಣು ಮಿಟುಕಿಸಿದರು. "ಹಗುರಾದೋರೇ ಸಾಕ್ಷಿ ಹೇಳ್ತಾರ ಬಿಡ್ರಿ" ಎಂದೆ. ಅದು ಇವತ್ತಿಗೂ ಹಾಗೆಯೇ ಅಚ್ಚಾಗುತ್ತಿದೆ.

ಈಗ ನೀಲವ್ವಾಯಿಯ ವಿಷಯಕ್ಕೆ ಬರುತ್ತೇನೆ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಆ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಅವರ ಮೊಣಕಾಲಿನಿಂದ ಕಲಿತದ್ದು.

ಇಳಕಲ್ಲಿನ ಸೀರೆ ವ್ಯಾಪಾರದ ಮನೆತನದವರು. ಮಗ ಕಾರಿನಲ್ಲಿ ಕರೆತಂದು ಇಳಿಸಿದ. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಬಂದವರಿಗೆಲ್ಲ ನಾನೊಂದು ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿಂದ ಹೋಗುವ ಹೊತ್ತಿಗೆ ಏನಾಗಿರಬೇಕು? ಶಾಂತಿ, ಸಮಾಧಾನ, ತೂಕ ಇಳಿಯಬೇಕು ಎಂದೆಲ್ಲ ಹೇಳುತ್ತಾರೆ. ನೀಲವ್ವಾಯಿ ಹೇಳಿದ್ದು ಒಂದೇ: "ನೆಲದ ಮ್ಯಾಲ ಕೂಡಬೇಕು."

ಮೊಣಕಾಲು ಸವೆದು ಕೆಲವು ವರ್ಷಗಳಿಂದ ಅವರು ಕುರ್ಚಿಯ ಮೇಲೆ ಕುಳಿತೇ ಲಿಂಗಪೂಜೆ ಮಾಡುತ್ತಿದ್ದರು. ಮುಂದಿನ ತಿಂಗಳು ಮೊಮ್ಮಗಳು ದಾನಮ್ಮನಿಗೆ ಲಿಂಗದೀಕ್ಷೆ. ಅಂದು ದೀಕ್ಷೆ ಕೊಡುವ ಅಯ್ಯನವರು ಮಗುವಿನ ಅಂಗೈಯಲ್ಲಿ ಲಿಂಗವಿಡುತ್ತಾರೆ. ಎದುರಿಗೆ ಕುಳಿತು ಹಿಡಿಯುವ, ನೋಡುವ ಕ್ರಮವನ್ನು ತೋರಿಸಿಕೊಡುವವರು ಮನೆಯ ಹಿರಿಯರು. ಅದು ತಾವೇ ಆಗಬೇಕು, ನೆಲದ ಮೇಲೆ ಕುಳಿತೇ ಆಗಬೇಕು ಎಂಬುದು ನೀಲವ್ವಾಯಿಯ ಆಸೆ.

ನನ್ನ ಬುದ್ಧಿ ಸುಮ್ಮನಿರುತ್ತದೆಯೇ? ವಾದಕ್ಕಿಳಿದೆ. "ಆಯಿ, ಕುರ್ಚಿ ಮ್ಯಾಲ ಕುಂತು ಪೂಜಿ ಮಾಡಿದ್ರ ದೇವರಿಗೆ ಮುಟ್ಟಂಗಿಲ್ಲ ಅಂತ ಶರಣರು ಎಲ್ಲರ ಹೇಳ್ಯಾರೇನ್ರಿ?"

"ಎಲ್ಲೂ ಹೇಳಿಲ್ಲವಾ."

"ದೇವರಿಗೆ ನಡೀತೈತಿ ಅಂದಂಗಾತಲ್ಲ?"

"ದೇವರಿಗೆ ನಡೀತೈತಿ. ಕೂಸಿಗೆ ನಡ್ಯಂಗಿಲ್ಲ. ಕೂಸು ನನ್ನ ನೋಡಿ ಕೂಡ್ತೈತಿ. ನಾ ಕುರ್ಚಿ ಹತ್ತಿದ್ರ ಅದೂ ಕುರ್ಚಿ ಹತ್ತಿ ಕಾಲು ತೂಗಾಡಿಸ್ಕೋತ ಪೂಜಿ ಮಾಡ್ತೈತಿ. ಅರವತ್ತು ವರ್ಷ ಅದರ ಕಾಲು ತೂಗಾಡ್ತಾವ. ತಪ್ಪು ಯಾರ ಮ್ಯಾಲ ಬರ್ತೈತಿ ಹೇಳು?"

ಆ ವಾದ ಆಯಿಯ ಕಡೆಗಾಯಿತು. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ.

ಮೂವರು ಗುರುಗಳೂ ಅವರನ್ನು ನೋಡಿದರು. ಸೊಂಟ ಬಿಗಿದಿದೆ, ಬಿಸಿ ಮಾಡಿ ಬಿಡಿಸಬೇಕು ಎಂದರು ಮಾಸ್ತರರು. ಮೊಣಕಾಲಿಗೆ ಭಾರವೇ ಬೀಳಬಾರದು, ಆಸರೆ ಕೊಡಬೇಕು ಎಂದರು ವಿದ್ಯಾ ಮೇಡಂ. ಅವರು ಕೂರುವಾಗ ಹೆದರಿ ಉಸಿರು ಕಟ್ಟುತ್ತಾರೆ, ಮೊದಲು ಉಸಿರು ಸಡಿಲವಾಗಲಿ ಎಂದ ಚೇತನ್. ನಾನು ಯಥಾಪ್ರಕಾರ ಮೂರು ಅಭಿಪ್ರಾಯಕ್ಕೂ ಮೂರು ತರಗತಿ ಕೊಟ್ಟೆ. ನಸುಕಿನಲ್ಲಿ ನಿಂಬೆ, ಜೇನು ಹಾಕಿದ ಬೆಚ್ಚನೆಯ ನೀರು. ಆಮೇಲೆ ಮಾಸ್ತರರು, ಚೇತನ್, ವಿದ್ಯಾ ಮೇಡಂ. ಆಮೇಲೆ ಸ್ನಾನ, ನಾಷ್ಟಾ. ಎಲ್ಲರಿಗೂ ಇದ್ದ ಕ್ರಮ ಅದೇ.

ಮೂರನೆಯ ದಿನ ಚೇತನನ ತರಗತಿಯಲ್ಲಿ ನೀಲವ್ವಾಯಿ ಕುಸಿದರು. ಪುಣ್ಯಕ್ಕೆ ಹುಡುಗ ಹತ್ತಿರದಲ್ಲೇ ಇದ್ದ, ಹಿಡಿದುಕೊಂಡ. ಬಾದಾಮಿಯಿಂದ ಡಾಕ್ಟರರು ಬಂದು ನೋಡಿ, ರಕ್ತದೊತ್ತಡ ಸರಿ ಇದೆ, ನಿತ್ರಾಣದಿಂದ ತಲೆ ಸುತ್ತಿ ಬಂದ ಚಕ್ಕರ್, ದಣಿಸಬೇಡಿ ಎಂದು ಹೋದರು.

ಸಾವ್ಕಾರರ ಕೋಣೆಯಲ್ಲಿ ನಾಲ್ವರೂ ಸೇರಿದೆವು.

"ಕುಣಿಸಿದ್ರ ಮತ್ತೇನಾಗ್ತೈತಿ? ವಯಸ್ಸರ ನೋಡಬೇಕಿಲ್ಲೋ?" ಎಂದರು ವಿದ್ಯಾ ಮೇಡಂ.

"ನನ್ ಕ್ಲಾಸಿಗೆ ಬರೋ ಹೊತ್ತಿಗೇ ಅವರ ಕಾಲು ನಡುಗ್ತಾ ಇತ್ತು ಮೇಡಂ. ಮಾಸ್ಟ್ರು ಅಷ್ಟೊತ್ತು ನಿಲ್ಲಿಸಿದ್ರು."

"ನನ್ನ ಕಡೆ ನಿಂತಾಗ ಬೀಳಲಿಲ್ಲ, ನಿನ್ನ ಕಡೆ ಬಂದು ಬಿದ್ರು. ಲೆಕ್ಕ ಸರಳ ಐತಿ ತಮ್ಮಾ."

ಸಾವ್ಕಾರರು ಕೈ ಎತ್ತಿ ನಿಲ್ಲಿಸಿದರು. "ಯಾರ ತಪ್ಪರ ಇರ್ಲಿ. ಆಕಿ ಮಗಗ ಈಗ ಫೋನ್ ಮಾಡು ಗಿರಿಜಾ. ನಾಳಿ ಬಂದು ಕರಕೊಂಡು ಹೋಗ್ಲಿ. ನಮ್ಮೂರಿನ ಹಿರೇ ಹೆಣ್ಣಮಗಳು, ಏನರ ಆದ್ರ ನಾ ಇಳಕಲ್ಲಿನಾಗ ಮುಖಾ ತೋರಸೂದು ಹೆಂಗ?"

ಮಗನಿಗೆ ಫೋನ್ ಮಾಡಿದೆ, ಆಯಿಗೂ ಸುದ್ದಿಯನ್ನು ನಾನೇ ಹೇಳಬೇಕಾಯಿತು. ನೀಲವ್ವಾಯಿ ಹಾಸಿಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. "ಹೋಗಂದ್ರ ಹೋಗ್ತೇನಿ" ಎಂದರು. ಆಮೇಲೆ, "ದಿನಾ ಸಂಜಿಕೆ ಕೂಸು ಫೋನ್ ಮಾಡ್ತೈತಿ. 'ಆಯಿ, ಕುಂತೇನು?' ಅಂತೈತಿ. ಇವತ್ತ ಏನಂತ ಹೇಳ್ಲಿ, ನೀನ ಹೇಳವಾ" ಎಂದರು.

ಹೊರಗೆ ಬಂದೆ. ನನಗೆ ಪವಾಡಗಳಲ್ಲಿ ನಂಬಿಕೆಯಿಲ್ಲ, ಕಾರಣಗಳಲ್ಲಿ ಇದೆ. ಮೂವರೂ ಒಬ್ಬರ ಮೇಲೊಬ್ಬರು ಹೇರಿದ್ದು ಆರೋಪ, ಕಾರಣವಲ್ಲ. ಅದೇ ತರಗತಿಗಳಲ್ಲಿ ಅವರಿಗಿಂತ ವಯಸ್ಸಾದವರೂ ಇದ್ದರಲ್ಲ, ಅವರಿಗೆ ಯಾಕೆ ಚಕ್ಕರ್ ಬರಲಿಲ್ಲ? ಹೀಗೆ ತಲೆ ಕೆರೆದುಕೊಳ್ಳುತ್ತ ಜಗಲಿಯ ಮೇಲೆ ಓಡಾಡುವಾಗ ದಾಸವಾಳದ ಕುಂಡಗಳ ಸುತ್ತ ಇರುವೆಗಳ ಸಾಲು ಕಂಡಿತು. ಎಲ್ಲ ಕುಂಡಗಳಿಗೂ ಅಲ್ಲ, ತರಗತಿಯ ಬಾಗಿಲಿಗೆ ಹತ್ತಿರವಿದ್ದ ಕುಂಡಗಳಿಗೆ ಮಾತ್ರ. ಬಗ್ಗಿ ಮಣ್ಣು ಮುಟ್ಟಿದೆ. ಅಂಟು.

ಮರುದಿನ ನಸುಕಿನಲ್ಲಿ ಕಂಬದ ಮರೆಯಲ್ಲಿ ನಿಂತೆ. ನೀಲವ್ವಾಯಿ, ಮಗ ಬರುವವರೆಗೆ ಸುಮ್ಮನೆ ನೋಡುತ್ತ ಕೂರುತ್ತೇನೆಂದು ಜಗಲಿಗೆ ಬಂದಿದ್ದರು. ಅಡುಗೆಯಾಕೆ ಲೋಟ ಕೊಟ್ಟಳು. ಎರಡೂ ಕೈಯಲ್ಲಿ ತೆಗೆದುಕೊಂಡು ನಕ್ಕರು. ಆಕೆ ಅತ್ತ ತಿರುಗಿದ ಕೂಡಲೇ ಲೋಟವನ್ನು ಕುಂಡಕ್ಕೆ ಬಗ್ಗಿಸಿದರು. ಅವರೊಬ್ಬರೇ ಅಲ್ಲ, ಹುನಗುಂದದಿಂದ ಬಂದಿದ್ದ ದಂಪತಿಗಳದೂ ಅದೇ ಕಥೆ.

"ಆಯಿ, ನೀರು ಯಾಕ ಚೆಲ್ಲಿದ್ರಿ?"

"ಚೆಲ್ಲಿಲ್ಲವಾ, ಗಿಡಕ್ಕ ಹಾಕಿದೆ. ಇನ್ನೂ ಪೂಜಿ ಆಗಿಲ್ಲಲ್ಲ."

"ಅಂದ್ರ ನಿನ್ನಿ ರಾತ್ರಿ ಊಟದ ಮ್ಯಾಲ ಈ ಹೊತ್ತಿನತನಾ ಹನಿ ನೀರಿಲ್ಲೇನ್ರಿ?"

"ಜಳಕಾ ಇಲ್ಲ, ಪೂಜಿ ಇಲ್ಲ, ಹೆಂಗ ಕುಡೀಲಿ? ನಿಮ್ಮಲ್ಲಿ ಜಳಕಾ ಕಡೀಕ ಐತೆಲ್ಲ."

"ಒಂದ ಮಾತು ಹೇಳಬಾರದೇನ್ರಿ?"

"ಪಾಪ, ಪ್ರೀತಿಲೆ ಜೇನಾ ಹಾಕಿ ಕೊಡ್ತಾಳ ಹುಡುಗಿ. ಒಲ್ಲೆ ಅಂದ್ರ ಹೆಂಗಿರ್ತೈತಿ?"

ಲಿಂಗಪೂಜೆಯಾಗದೆ ನೀರೂ ಮುಟ್ಟದವರು ನಮ್ಮ ಕಡೆ ಎಷ್ಟು ಮನೆಗಳಲ್ಲಿಲ್ಲ! ಹುನಗುಂದದಲ್ಲಿ ನನ್ನವ್ವನೇ ಇದ್ದಾಳೆ. ವಿದ್ಯಾ ಮೇಡಂ ಅವರ ಅತ್ತೆ ಇದ್ದಾರೆ. ಅಷ್ಟೇಕೆ, ಸಾವ್ಕಾರರೇ ದಿನಾ ತೋಟದ ಮನೆಯಲ್ಲಿ ಪೂಜೆ ಮುಗಿಸಿ, ಚಹಾ ಕುಡಿದು ಯೋಗಧಾಮಕ್ಕೆ ಬರುತ್ತಿದ್ದರು. ಇಷ್ಟು ಮಂದಿ ಗೊತ್ತಿದ್ದವರು ಸೇರಿ, ಪೂಜೆಯನ್ನು ಎಲ್ಲದರ ಕೊನೆಗೆ ತಳ್ಳುವ ವೇಳಾಪಟ್ಟಿ ಮಾಡಿದ್ದೆವು! ಯೋಗ ಎಂದ ಕೂಡಲೇ ಅದು ಬೇರೆ ಲೋಕದ ವಿದ್ಯೆ ಎಂದುಕೊಂಡು, ನಮ್ಮ ಮನೆಗಳನ್ನು ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿದ್ದೆವು.

ಮತ್ತೆ ಸಾವ್ಕಾರರ ಕೋಣೆ. ಸ್ನಾನ, ಪೂಜೆ ಮೊದಲಾಗಲಿ, ನೀರು ಕುಡಿಯಲಿ, ಆಮೇಲೆ ಆಸನ ಎಂದು ಮಂಡಿಸಿದೆ.

"ಜಳಕಾ ಮಾಡಿ ಬೆವರಿಳಸೂದು ಯಾವ ಶಾಸ್ತ್ರದಾಗ ಐತಿ?" ಎಂದರು ಮಾಸ್ತರರು.

"ಬ್ಯಾಡ ಅಂತ ಯಾವ ಶಾಸ್ತ್ರದಾಗ ಐತ್ರಿ?"

"ಗರಡಿ ಶಾಸ್ತ್ರದಾಗ."

"ಆಯಿ ಕುಸ್ತಿ ಹಿಡಿಯಾಕ ಬಂದಿಲ್ರಿ ಮಾಸ್ತರ, ಕೂಡಾಕ ಬಂದಾರ."

ಈ ಮಾತು ನನ್ನ ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಕೂಡಲು ಬಂದಿದ್ದಾರೆ. ಹಾಗಿದ್ದರೆ ಮೂರು ತರಗತಿ ಯಾಕೆ? ಪೂಜೆಗೆ ಕೂಡುವುದೇ ತರಗತಿಯಾಗಲಿ. ಮೂವರೂ ಆ ಒಂದೇ ಕೆಲಸದ ಸುತ್ತ ಕೂಡಲಿ. ಒಂದು ತಾಸನ್ನು ಮೂರು ಪದ್ಧತಿಗೆ ಹಂಚುವುದು ನಾನು ಮಾಡಿದ್ದು. ಒಂದು ಮೊಣಕಾಲಿಗೆ ಮೂರು ಪದ್ಧತಿಯನ್ನೂ ಹಚ್ಚುವುದು ಮಾಡಬೇಕಾದದ್ದು.

ಸಾವ್ಕಾರರು ಕೇಳಿದರು: "ಆಕಿ ಮತ್ತ ಬಿದ್ರ?"

"ನಾನೂ ಆಕಿ ಕಾರಿನಾಗ ಕುಂತು ಹೋಗ್ತೇನಿ."

"ನೀ ಹೋಗೂ ಪೈಕಿ ಅಲ್ಲ, ವಾದಾ ಮಾಡೂ ಪೈಕಿ" ಎಂದರು. ಆದರೆ ಇಳಕಲ್ಲಿಗೆ ಫೋನ್ ಹಚ್ಚಿ, ಹೊರಟಿದ್ದ ಮಗನನ್ನು ತಾವೇ ನಿಲ್ಲಿಸಿದರು.

ಅಂದಿನಿಂದ ಬೆಳಗಿನ ಕೋಣೆಯೇ ಬೇರೆಯಾಯಿತು. ಪೂಜೆಯುಳ್ಳವರು ಸ್ನಾನ ಮಾಡಿ ಬಂದು ತಮ್ಮ ಕ್ರಮದಲ್ಲಿ ಪೂಜೆ ಮಾಡುವರು, ಇಲ್ಲದವರು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರುವರು. ನೀಲವ್ವಾಯಿ ಮಾತ್ರ ಮೊದಲು ಕುರ್ಚಿಯಲ್ಲೇ ಪೂಜೆ ಮುಗಿಸಿ, ನೀರು ಕುಡಿದು, ತುಸು ದಣಿವಾರಿಸಿಕೊಂಡು ನೆಲದ ಕಡೆಗೆ ಪ್ರಯಾಣ ಹೊರಡುವರು. ಮಾಸ್ತರರು ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಸಿ ಹಚ್ಚಿಸಿ, ಗರಡಿಯಲ್ಲಿ ಹುಡುಗರ ಸೊಂಟ ಬಿಡಿಸುವ ರೀತಿಯಲ್ಲಿ ಕಾಲನ್ನು ಸಣ್ಣದಾಗಿ ಸುತ್ತಿಸುವರು. ವಿದ್ಯಾ ಮೇಡಂ ಕಂಬಳಿಗಳ ಎತ್ತರದ ಪೀಠ ಕಟ್ಟಿ, ಎರಡೂ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಡುವರು. ಚೇತನ್ ಎದುರಿಗೆ ಕುಳಿತು, "ಉಸಿರು ಬಿಡುವಾಗ ಮಾತ್ರ ಇಳೀರಿ ಅಮ್ಮಾ, ತಗೊಳ್ಳುವಾಗ ಅಲ್ಲೇ ನಿಲ್ಲಿ" ಎನ್ನುವನು. ಕುಳಿತ ಮೇಲೆ ಲಿಂಗ ಹಿಡಿಯುವ ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಲುಗದಂತೆ ನಿಲ್ಲಿಸಬೇಕು. ಅಲ್ಲಿ ಮತ್ತೆ ಮಾಸ್ತರರದೇ ದನಿ: "ಹಿಡೀರಿ ಯವ್ವಾ, ಬಿಡಬ್ಯಾಡ್ರಿ."

ಒಮ್ಮತ ಬಂತೆಂದು ತಿಳಿಯಬೇಡಿ. ಪೀಠ ದಿನೇದಿನೇ ಕೆಳಗಿಳಿಯಬೇಕೆಂದು ಮಾಸ್ತರರು ಮೆಲ್ಲಗೆ ಒಂದು ಕಂಬಳಿ ಎಗರಿಸುವರು, ವಿದ್ಯಾ ಮೇಡಂ ತಂದು ಮತ್ತೆ ತುರುಕುವರು. ಕಡೆಗೆ ಚೇತನ್ ಅರ್ಧ ಮಡಿಕೆ ತೆಗೆಯೋಣ ಎಂದು ಸಂಧಾನ ಮಾಡಿದ. ನೀಲವ್ವಾಯಿ ಮೇಲೆ ಕುಳಿತೇ ಕೇಳಿದರು: "ಮೂರೂ ಮಂದಿ ನನ್ನ ಬುಡಕ ಜಗ್ಯಾಡಾಕ ಹತ್ತೀರಿ. ನಾ ಏನ ಕಂಬಳಿ ಅಂಗಡಿಯೇನು?"

ನಡುವೆ ಒಂದು ದಿನ ಮೊಣಕಾಲು ಬಾತುಕೊಂಡಿತು. ವಿದ್ಯಾ ಮೇಡಂ ಎಲ್ಲವನ್ನೂ ನಿಲ್ಲಿಸಿ ತಣ್ಣೀರ ಪಟ್ಟಿ ಇಟ್ಟರು. ನೀಲವ್ವಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೂ ಏಳಲಿಲ್ಲ. ಬೀರಪ್ಪ ಮಾಸ್ತರರು ಬಾಗಿಲ ಬಳಿ ಕುಳಿತು, ಯಾರನ್ನೂ ನೋಡದೆ ಹೇಳಿದರು: "ನಮ್ಮ ದೇವರು ಬೀರಪ್ಪನ ಮುಂದ ಕೂಡೂದ ಕಡಿಮಿರೀ ಯವ್ವಾ. ಡೊಳ್ಳು ಹೊಡಕೋತ ಕುಣ್ಯೂದ ಭಾಳ. ನಿಮ್ಮ ದೇವರು ಕೂಡಸ್ತಾನ, ನಮ್ಮ ದೇವರು ಕುಣಸ್ತಾನ. ಇಬ್ಬರಿಗೂ ಮೊಣಕಾಲಿನ ಖಬರಿಲ್ಲ ನೋಡ್ರಿ."

ಗೋಡೆಯ ಕಡೆಯಿಂದ ನಗು ಕೇಳಿಸಿತು. ಆಮೇಲೆ, "ರೊಟ್ಟಿ ಉಳದಾವೇನು ಕೇಳ್ರಿ" ಎಂಬ ಮಾತು.

ಬಾವು ಇಳಿಯಿತು. ಒಂದು ಬೆಳಿಗ್ಗೆ ನೀಲವ್ವಾಯಿ ಕುರ್ಚಿಯ ಕಡೆ ಹೋಗದೆ, ನೇರವಾಗಿ ಒಂದೇ ಮಡಿಚಿದ ಕಂಬಳಿಯ ಮೇಲೆ ಕುಳಿತು ಪೂರ್ತಿ ಪೂಜೆ ಮಾಡಿದರು. ನಾವು ನಾಲ್ವರೂ ಉಸಿರು ಬಿಗಿಹಿಡಿದು ನೋಡಿದೆವು. ಉಸಿರಿನ ಗುರುವೂ ಸೇರಿ.

ಇಲ್ಲಿ ಒಂದು ಎಚ್ಚರಿಕೆ. ಮೊಣಕಾಲು ಗುಣವಾಯಿತು ಎಂದು ನಾನು ಹೇಳುತ್ತಿಲ್ಲ. ಸವೆದ ಎಲುಬು ಸವೆದೇ ಇದೆ. ಬಿಗಿದದ್ದು ಸಡಿಲವಾಯಿತು, ಆಸರೆ ಸಿಕ್ಕಿತು, ಹೆದರಿಕೆ ಹೋಯಿತು. ಅಷ್ಟರಿಂದ ಒಬ್ಬರು ತಮಗೆ ಬೇಕಾದ ಒಂದು ಕೆಲಸ ಮಾಡಿಕೊಂಡರು. ಹೊಸಬರೇ, 'ಗುಣವಾಯಿತು' ಎಂದು ಬರೆಯಬೇಡಿ. 'ಕುಳಿತರು' ಎಂದು ಬರೆಯಿರಿ. ಅದಕ್ಕೆ ಸಾಕ್ಷಿಯಿದೆ.

ದೀಕ್ಷೆಯ ದಿನ ನಮಗೆಲ್ಲ ಇಳಕಲ್ಲಿಗೆ ಕರೆಯಿತ್ತು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಅಂಗಳದಲ್ಲಿ ಪೆಂಡಾಲು, ಊಟಕ್ಕೆ ಮೇಜು. ನೀಲವ್ವಾಯಿ ಕಂಬಳಿಯ ಬದಲು ಮಡಿಚಿದ ಹಳೆಯ ಸೀರೆಯೊಂದನ್ನು ಹಾಸಿಕೊಂಡು, ಉಸಿರು ಬಿಡುತ್ತ ಬಿಡುತ್ತ ಇಳಿದು, ನೆಲಕ್ಕೆ ಕುಳಿತರು. ಎದುರಿಗೆ ದಾನಮ್ಮ. ಎಂಟೊಂಬತ್ತು ವರ್ಷದ, ಒಂದು ಕ್ಷಣ ಸುಮ್ಮನಿರದ ಹುಡುಗಿ. ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟರು. ಹುಡುಗಿ ಅಜ್ಜಿಯ ಕಾಲು ನೋಡಿ ಕಾಲು ಮಡಿಚಿತು, ಬೆನ್ನು ನೋಡಿ ಬೆನ್ನು ನೆಟ್ಟಗೆ ಮಾಡಿತು, ಕೈ ನೋಡಿ ಕೈ ಎತ್ತಿತು. ಎರಡು ಅಂಗೈಗಳು ಒಂದೇ ಮಟ್ಟದಲ್ಲಿ ನಿಂತವು. ನಾನು ನಂಬಿಕೆಯವಳಲ್ಲ. ಆದರೂ ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದ್ದರೆ ಎದ್ದು ಹೋಗಿ ಜಗಳವಾಡುತ್ತಿದ್ದೆ.

ಮುಗಿಯಿತು. ಎಲ್ಲರೂ ಊಟಕ್ಕೆ ಎದ್ದರು. ನೀಲವ್ವಾಯಿ ಏಳಲಿಲ್ಲ.

"ಆಯಿ, ಬರ್ರಿ."

"ಹೆಂಗ ಬರ್ಲಿ? ಕೂಡೂದು ಕಲಿಸಿದ್ರಿ. ಏಳೂದು ಎಲ್ಲಿ ಕಲಿಸಿದ್ರಿ?"

ಖರೆ. ಯೋಗಧಾಮದಲ್ಲಿ ಗೋಡೆಗೆ ಹಗ್ಗವಿತ್ತು, ಅದನ್ನು ಹಿಡಿದು ಏಳುತ್ತಿದ್ದರು. ಅದನ್ನು ನಾವ್ಯಾರೂ ಪಾಠವೆಂದು ಎಣಿಸಿಯೇ ಇರಲಿಲ್ಲ. ಮೂವರು ಗುರುಗಳೂ ಓಡಿಬಂದರು.

"ಮೊದ್ಲು ಮುಂದಕ್ಕೆ ಬಾಗಿ, ಕೈ ನೆಲಕ್ಕೆ ಕೊಡಿ ಅಮ್ಮಾ."

"ಅಂಗೈ ಮ್ಯಾಲ ಭಾರ ಹಾಕಬಾರದು! ಒಂದು ಕುರ್ಚಿ ತರ್ರಿ, ಅದನ್ನ ಹಿಡಕೊಂಡು ಏಳ್ತಾರ."

"ಕುರ್ಚಿ ಗಿರ್ಚಿ ಏನಬೇಕು? ನಾ ಬೆನ್ನಿಗೆ ಕೈ ಕೊಡ್ತೇನಿ, ಒಂದ ಸಲಕ್ಕ ಎದ್ದ ಬಿಡ್ತಾರ."

ವಾದ ಬಿಸಿಯೇರಿತು. ನೀಲವ್ವಾಯಿ ಒಬ್ಬೊಬ್ಬರ ಮುಖವನ್ನೂ ನೋಡಿ, "ನೀವು ಮೂರೂ ಮಂದಿ ಒಂದ ಮಾತಿಗೆ ಬರೂತನಾ ನನ್ನ ಹೊಟ್ಟಿ ತಡ್ಯಂಗಿಲ್ಲ. ಗಿರಿಜಾ, ನನ್ನ ತಾಟು ಇಲ್ಲೇ ತಾರವಾ" ಎಂದರು. ತಾಟು ಬಂತು. ದಾನಮ್ಮ ಅಂಗಳದಿಂದ ಓಡಿಬಂದು, "ನಂದೂ ಇಲ್ಲೇ" ಎಂದು ಅಜ್ಜಿಯ ಪಕ್ಕ ಕುಳಿತಳು. ಮನೆಯ ಹಿರಿಯಾಕೆ ನೆಲದ ಮೇಲೆ ಉಣ್ಣುವಾಗ ಮೇಜಿನ ಮೇಲೆ ಯಾರು ಉಂಡಾರು? ಒಬ್ಬೊಬ್ಬರೇ ತಾಟು ಎತ್ತಿಕೊಂಡು ಪಡಸಾಲೆಗೆ ಬಂದರು. ಹೋಳಿಗೆ, ಎಣ್ಣೆಗಾಯಿ ಎಲ್ಲ ಮೇಜು ಬಿಟ್ಟು ಒಳಗೆ ಬಂದವು. ಗುರುಗಳೂ ಕುಳಿತರು. ಕಡೆಗೆ ಮಹಾಂತಪ್ಪ ಸಾವ್ಕಾರರೂ ಹೊಟ್ಟೆ ಸಾವರಿಸಿಕೊಂಡು, ಗೋಡೆ ಹಿಡಿದು, ದೊಡ್ಡ ನಿಟ್ಟುಸಿರು ಬಿಟ್ಟು ಕುಳಿತರು.

ಊಟ ಮುಗಿಯಿತು. ಮೂವರು ಗುರುಗಳೂ ಕೈತೊಳೆದುಕೊಂಡು ಬಂದು ನೀಲವ್ವಾಯಿಯ ಸುತ್ತ ನಿಂತರು. ಈಗ ಒಮ್ಮತವಾಗಿತ್ತು. ಒಬ್ಬರು ಬೆನ್ನಿಗೆ, ಒಬ್ಬರು ಮೊಣಕಾಲಿಗೆ, ಒಬ್ಬ ಎದುರಿಗೆ ಉಸಿರು ಹೇಳಲು.

ಅಷ್ಟರಲ್ಲಿ ಗೋಡೆಯ ಕಡೆಯಿಂದ ಸಾವ್ಕಾರರ ದನಿ ಬಂತು: "ಏ ಮಾಸ್ತರ, ಯಾರರ ಇಲ್ಲಿ ಬರ್ರಿ. ನನ್ನ ಕಾಲು ಎಲ್ಲಿ ಅದಾವ ಅಂತ ನನಗ ತಿಳೀವಲ್ದು."

ಮೂವರೂ ನೀಲವ್ವಾಯಿಯ ಮುಖ ನೋಡಿದರು. ಮೊಮ್ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಆಗಲೇ ನಿದ್ದೆ ಹೋಗಿತ್ತು. ಅದರ ಕೊರಳಿನ ಹೊಸ ದಾರವನ್ನು ಸರಿಮಾಡುತ್ತ ನೀಲವ್ವಾಯಿ ಹೇಳಿದರು:

"ಮೊದಲ ಅವರನ್ನ ಎಬ್ಬಸ್ರಿ. ನನಗೇನ ಗಡಿಬಿಡಿ ಇಲ್ಲ. ನನ್ನ ಕೆಲಸ ಆತು."